ಬೈರಾಸಿನ ಇನ್‌ಸ್ಪೆಕ್ಟರು

ಹೋದ ತಿಂಗಳು ಮಣ್ಣಗುಡ್ಡದಲ್ಲಿ ಒಬ್ಬರು ತೀರಿಕೊಂಡರು. ಸುದ್ದಿ ಬೋಳಾರಕ್ಕೆ ಮುಟ್ಟಿದಾಗ ಹೊಳೆಬದಿಯ ಹೆಂಚಿನ ಕಾರ್ಖಾನೆಯ ಧಣಿಗಳೊಬ್ಬರು "ಅಂತೂ ಹೋದರಾ" ಎಂದರಂತೆ. ಅದೇ ಕಾರ್ಖಾನೆಯ ಹೆಂಗಸರು "ಛೆ, ಪಾಪ" ಎಂದು ತಲೆಯ ಮೇಲಿನ ಹೊರೆ ಇಳಿಸಿ ಒಂದು ಗಳಿಗೆ ನಿಂತರಂತೆ. ಆ ಮನುಷ್ಯರ ವಿಷಯದಲ್ಲಿ ಈ ಎರಡು ಮಾತನ್ನೂ ಬೇರೆ ಬೇರೆ ಕಾಲದಲ್ಲಿ ಮನಸಾರೆ ಆಡಿದವನು ನಾನು. ಹಾಗಾಗಿ ಅವರ ಬಗ್ಗೆ ಬರೆಯುವ ಹಕ್ಕು ಉಳಿದವರಿಗಿಂತ ನನಗೆ ತುಸು ಹೆಚ್ಚೇ ಇದೆ ಎಂದುಕೊಂಡಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಸರ್ಕಾರಿ ಕಾಗದ ಬಿಟ್ಟು ಬೇರೆಲ್ಲಿ ತಮ್ಮ ಹೆಸರು ಕಂಡರೂ ಅವರಿಗೆ ಮೈ ಉರಿಯುತ್ತಿತ್ತು. ಈಗ ಎದ್ದು ಬಂದು ನನ್ನ ಬರಹಕ್ಕೆ ಕೊರತೆಪಟ್ಟಿ ಬರೆದುಕೊಟ್ಟರೆ ಕಷ್ಟ.

ಅವರು ಮದ್ರಾಸು ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರು. ನಾನು ಬೋಳಾರದ ಒಂದು ಹೆಂಚಿನ ಕಾರ್ಖಾನೆಯ ಗುಮಾಸ್ತ. ಬೆಕ್ಕಿಗೂ ಇಲಿಗೂ ಇರುವ ಸಂಬಂಧ ನಮ್ಮದು. ಯಾರು ಬೆಕ್ಕು ಎಂಬುದರಲ್ಲಿ ಮಾತ್ರ ನನಗೆ ಬಹಳ ದಿನ ತಪ್ಪು ತಿಳುವಳಿಕೆ ಇತ್ತು.

ನಮ್ಮ ಕಾರ್ಖಾನೆಗೆ ಮೂರು ಅಂತಸ್ತು. ಕೆಳಗೆ ಮಣ್ಣು ಅರೆಯುವ ಯಂತ್ರ, ಹೆಂಚು ಒತ್ತುವ ಅಚ್ಚು, ಸುಡುವ ಗೂಡು. ಒತ್ತಿದ ಹಸಿ ಹೆಂಚು ಒಣಗಬೇಕಾದರೆ ಮೇಲಿನ ಎರಡು ಅಂತಸ್ತಿಗೆ ಹೋಗಬೇಕು. ಹೊತ್ತು ಹತ್ತಿಸಿದರೆ ದಿನ ಸಾಲದು. ಅದಕ್ಕೆಂದೇ ಧಣಿಗಳು ಒಂದು ಎತ್ತುವ ಯಂತ್ರ ತರಿಸಿದ್ದರು. ನಾಲ್ಕು ಕಂಬದ ನಡುವೆ ಒಂದು ಹಲಗೆಯ ಕಟ್ಟೆ, ಅದಕ್ಕೆ ಉಕ್ಕಿನ ತಂತಿಯ ಹಗ್ಗ, ಹಗ್ಗ ಎಳೆಯಲು ಎಂಜಿನಿನಿಂದ ಬಂದ ಬೆಲ್ಟು. ಸರ್ಕಾರದ ಕಾಗದದಲ್ಲಿ ಅದು ಹೋಯಿಸ್ಟು, ಧಣಿಗಳ ಬಾಯಲ್ಲಿ ಲಿಫ್ಟು, ಹೆಂಗಸರ ಬಾಯಲ್ಲಿ ತೊಟ್ಟಿಲು. ತೊಟ್ಟಿಲು ಎಂಬುದೇ ನಿಂತ ಹೆಸರು.

ಆ ತೊಟ್ಟಿಲಿನಲ್ಲಿ ಹೆಂಚು ಮಾತ್ರ ಹೋಗಬೇಕು, ಮನುಷ್ಯರು ಹತ್ತಬಾರದು ಎಂದು ಸರ್ಕಾರದ ಕಟ್ಟಪ್ಪಣೆ. ಹೆಂಗಸರು ದಿನಾ ಹತ್ತುತ್ತಿದ್ದರು. ಮಂಡಿನೋವಿನವರು, ಬಸುರಿಯರು, ಸುಮ್ಮನೆ ಉದಾಸೀನದವರು, ಎಲ್ಲರೂ. ಹತ್ತುವವರಲ್ಲಿ ನನ್ನ ಅಕ್ಕನೂ ಒಬ್ಬಳು. ಭಾವ ಕೊಲಂಬಿಗೆ ಹೋಗಿ ಅಲ್ಲೇ ಕಳೆದುಹೋದ ಮೇಲೆ ಅವಳು ಇದೇ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ನನ್ನನ್ನು ಓದಿಸಿದಳು. ನಾನು ಗುಮಾಸ್ತನಾಗಿ ಮೇಜಿನ ಮುಂದೆ ಕೂತ ಮೇಲೂ ಅವಳು ಮೇಲಿನ ಅಂತಸ್ತಿನಲ್ಲಿ ಹೆಂಚು ಜೋಡಿಸುವುದನ್ನು ಬಿಡಲಿಲ್ಲ. "ನಿನ್ನ ಸಂಬಳದಲ್ಲಿ ನಿನ್ನ ಕೋಟು ಒಗೆಯುವ ಸಾಬೂನು ಬರಬಹುದು" ಎನ್ನುತ್ತಿದ್ದಳು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ತುಳುವಿನಲ್ಲಿ ಈ ಮಾತು ಇನ್ನೂ ಖಾರವಾಗಿ ಕೇಳುತ್ತದೆ.

ಇನ್‌ಸ್ಪೆಕ್ಟರು ಬಂದಾಗ ಅವರನ್ನು ಸುಧಾರಿಸಿ ಕಳಿಸುವುದು ನನ್ನ ಪಾಲಿನ ಕೆಲಸ. ಅದಕ್ಕೊಂದು ಏರ್ಪಾಡೂ ಇತ್ತು. ಅವರ ಜಟಕಾ ಮಂಗಳಾದೇವಿ ದೇವಸ್ಥಾನದ ತಿರುವಿನಲ್ಲಿ ಕಂಡ ಕೂಡಲೇ ಗೇಟಿನ ಕಾವಲುಗಾರ ಗಂಟೆಯನ್ನು ಎರಡು ಸಲ ಬಾರಿಸಬೇಕು. ಗಂಟೆ ಕೇಳಿದ ಕೂಡಲೇ ಹೆಂಗಸರು ತೊಟ್ಟಿಲಿನಿಂದ ಇಳಿದು ಪತಿವ್ರತೆಯರ ಹಾಗೆ ಮೆಟ್ಟಿಲು ಹತ್ತತೊಡಗಬೇಕು. ಇದು ನನ್ನ ತಲೆಯಿಂದಲೇ ಹುಟ್ಟಿದ ಉಪಾಯ. ಧಣಿಗಳು ಬೆನ್ನು ತಟ್ಟಿದ್ದರು.

ಮೊದಲ ಸಲ ಬಂದಾಗ ಅವರನ್ನು ಕಂಡು ನನಗೆ ನಗು ಬಂದಿತ್ತು. ಕುಳ್ಳು, ಬಡಕಲು ದೇಹ. ಖಾಕಿ ಕೋಟು, ಕೆಳಗೆ ಬಿಳಿ ಮುಂಡು, ತಲೆಗೆ ಟೊಪ್ಪಿ, ಹೆಗಲ ಮೇಲೆ ಸ್ನಾನಕ್ಕೆ ಹೊರಟವರ ಹಾಗೆ ಒಂದು ಹತ್ತಿಯ ಬೈರಾಸು. ಕೋಟಿನ ಮೇಲೆ ಬೈರಾಸು ಹಾಕಿಕೊಂಡ ಸರ್ಕಾರವನ್ನು ನಾನು ಅಲ್ಲಿವರೆಗೆ ನೋಡಿರಲಿಲ್ಲ. ಅದರ ಉಪಯೋಗ ಆಮೇಲೆ ತಿಳಿಯಿತು. ತೊಟ್ಟಿಲಿನ ಹಗ್ಗಕ್ಕೆ ಆ ಬೈರಾಸನ್ನು ಸುತ್ತಿ, ಮುಷ್ಟಿಯಲ್ಲಿ ಹಿಡಿದು, ಹಗ್ಗವನ್ನು ನಿಧಾನವಾಗಿ ಓಡಿಸುವರು. ಒಳಗೆ ಒಂದು ತಂತಿ ತುಂಡಾಗಿದ್ದರೂ ಅದರ ಮೊನೆ ಬಟ್ಟೆಯ ನೂಲನ್ನು ಕಚ್ಚುತ್ತದೆ. ಕಣ್ಣಿಗೆ ಕಾಣದ್ದು ಬೈರಾಸಿಗೆ ಸಿಗುತ್ತದೆ. ಅವರ ಮನೆಯಲ್ಲಿ ಗ್ರೀಸು ಮೆತ್ತದ ಬೈರಾಸು ಒಂದೂ ಇರಲಿಲ್ಲವಂತೆ. ಅವರ ಹೆಂಡತಿ ಅದಕ್ಕಾಗಿ ಇಡೀ ಇಲಾಖೆಯನ್ನೇ ಶಪಿಸುತ್ತಿದ್ದರು ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಆ ದಿನ ನಾನು ಅವರಿಗೆ ಊಟ ಹಾಕಿಸಿದೆ. ಕಾಣೆ ಮೀನಿನ ಗಸಿ, ಕೋರಿ ರೊಟ್ಟಿ, ಬೆಲ್ಲದ ಪಾಯಸ. ಉಳಿದ ಅಧಿಕಾರಿಗಳು ಊಟ ಬೇಡವೆಂದು ಬಿಗುಮಾನ ಮಾಡುತ್ತಾರೆ, ಇಲ್ಲವೆ ಉಂಡು ಮೆತ್ತಗಾಗುತ್ತಾರೆ. ಇವರು ಎರಡೂ ಮಾಡಲಿಲ್ಲ. ಎರಡು ಸಲ ರೊಟ್ಟಿ ಹಾಕಿಸಿಕೊಂಡರು, ಗಸಿ ಮಾಡಿದವನನ್ನು ಕರೆಸಿ ಹೊಗಳಿದರು, ಕೈ ತೊಳೆದರು, ಕೂತು ನಾಲ್ಕು ಕೊರತೆ ಬರೆದರು. ನನಗೆ ತಡೆಯಲಾಗಲಿಲ್ಲ.

"ಉಪ್ಪು ತಿಂದ ಮನೆ ಸ್ವಾಮೀ" ಎಂದೆ.

"ಹೌದು ಮಾರಾಯ್ರೆ" ಎಂದರು ಅವರು ಹಲ್ಲಿಗೆ ಕಡ್ಡಿ ಹಾಕುತ್ತಾ. "ಉಪ್ಪು ತಿಂದ ಮನೆಯಲ್ಲಿ ಯಾರಾದ್ರೂ ಬಿದ್ದು ಸತ್ತರೆ ನನಗೆ ತಿಂದದ್ದು ಜೀರ್ಣ ಆಗ್ಲಿಕ್ಕುಂಟಾ?"

ಇನ್ನೊಂದು ವರ್ಷ ನವರಾತ್ರಿ ಕಳೆದು ಎರಡೇ ದಿನಕ್ಕೆ ಬಂದರು. ಆಯುಧಪೂಜೆಯ ದಿನ ನಮ್ಮ ಹೆಂಗಸರು ತೊಟ್ಟಿಲಿಗೆ ಭಕ್ತಿಯಿಂದ ಎಣ್ಣೆ ಹಚ್ಚಿ ಕುಂಕುಮ ಇಟ್ಟಿದ್ದರು. ಯಂತ್ರದಲ್ಲಿ ಎಲ್ಲಕ್ಕಿಂತ ದುಂಡಗೆ, ಚಂದಕ್ಕೆ ಕಂಡದ್ದು ಬ್ರೇಕಿನ ಗಾಲಿ. ಪೂಜೆಯ ಎಣ್ಣೆಯೆಲ್ಲ ಅದಕ್ಕೇ ಸಂದಿತ್ತು. ಬ್ರೇಕು ಹಿಡಿಯದೆ ತೊಟ್ಟಿಲು ಅರ್ಧ ಆಳು ಎತ್ತರ ಜಾರಿ ನಿಂತಿತು. ನಾನು ಹೆಂಗಸರ ಮೇಲೆ ಹಾರಾಡಿದೆ. ಇನ್‌ಸ್ಪೆಕ್ಟರು ನನ್ನನ್ನು ಬದಿಗೆ ಸರಿಸಿ, ಸೀಮೆಸುಣ್ಣ ತೆಗೆದು, ಕಬ್ಬಿಣದ ಕಂಬದ ಮೇಲೆ ಒಂದು ದೊಡ್ಡ ವೃತ್ತ ಬರೆದರು.

"ನೋಡಿ ಅಕ್ಕನವರೇ, ದೇವಿ ಇರುವುದು ಇಲ್ಲಿ. ಎಣ್ಣೆ, ಕುಂಕುಮ, ಹೂವು, ಎಂತ ಬೇಕಾದ್ರೂ ಇಲ್ಲಿಗೆ ಹಾಕಿ. ಆ ಗಾಲಿಯಲ್ಲಿ ಮಾತ್ರ ಯಾರೂ ಇಲ್ಲ."

ಆ ವೃತ್ತಕ್ಕೆ ಈಗಲೂ ಪೂಜೆ ನಡೆಯುತ್ತದೆ. ಸೀಮೆಸುಣ್ಣ ಅಳಿಸಿಹೋದ ಮೇಲೆ ಹೆಂಗಸರೇ ಅಲ್ಲಿ ಬಣ್ಣದಲ್ಲಿ ಬರೆಸಿಕೊಂಡರು.

ಇಷ್ಟೆಲ್ಲ ತೊಟ್ಟಿಲು ನೋಡಿದ ಮನುಷ್ಯ ತಾವು ಮಾತ್ರ ಯಾವ ಲಿಫ್ಟನ್ನೂ ಹತ್ತಿದವರಲ್ಲ. ಪ್ರತಿ ಸಲ ಮೆಟ್ಟಿಲು ಹತ್ತಿಯೇ ಮೇಲಿನ ಅಂತಸ್ತಿಗೆ ಬರುತ್ತಿದ್ದರು. ಒಮ್ಮೆ ಯಾಕೆಂದು ಕೇಳಿದೆ. "ಹೋಟೆಲಿನ ಅಡಿಗೆಯವನು ಮನೆಯಲ್ಲಿ ಉಣ್ಣುವುದು ಎಂತಕ್ಕೆ ಗೊತ್ತುಂಟಾ?" ಎಂದು ಕೇಳಿ ಮೆಟ್ಟಿಲು ಹಿಡಿದರು. ನಿವೃತ್ತಿಯಾದ ಮೇಲೆ ಮಗನನ್ನು ನೋಡಲು ಬೊಂಬಾಯಿಗೆ ಹೋದವರು ಅಲ್ಲಿ ದಿನಾ ನಾಲ್ಕು ಮಹಡಿ ಹತ್ತಿ ಇಳಿದರಂತೆ. ಕಟ್ಟಡದ ಲಿಫ್ಟಿನ ಸರ್ಟಿಫಿಕೇಟಿನ ಅವಧಿ ಮುಗಿದು ಎರಡು ತಿಂಗಳಾಗಿತ್ತು ಎಂಬುದು ಅವರ ಕಾರಣ. ಕಟ್ಟಡದವರು ಅವರ ಕಾಟ ತಡೆಯಲಾರದೆ ಹೊಸ ಸರ್ಟಿಫಿಕೇಟು ಮಾಡಿಸಿದರು. ಆದರೂ ಇವರು ಹತ್ತಲಿಲ್ಲ.

ಇನ್ನು ನನ್ನ ಬೋರ್ಡಿನ ಕಥೆ.

ಒಂದು ಸಲಕ್ಕೆ ಎಷ್ಟು ಭಾರ ಹಾಕಬಹುದೆಂದು ತೊಟ್ಟಿಲಿನ ಪಕ್ಕದಲ್ಲಿ ಕನ್ನಡದಲ್ಲಿ ಬರೆದು ತೂಗಹಾಕಬೇಕೆಂದು ಸರ್ಕಾರದ ನಿಯಮ. ಯಂತ್ರದ ಮೇಲಿನ ತಗಡಿನಲ್ಲಿ ಹತ್ತು ಹಂಡ್ರೆಡ್‌ವೇಟ್ ಎಂದು ಇಂಗ್ಲಿಷಿನಲ್ಲಿ ಕೊರೆದಿತ್ತು. ನಮ್ಮ ಹೆಂಗಸರಿಗೆ ಹಂಡ್ರೆಡ್‌ವೇಟ್ ಎಂದರೆ ಎಂತ ಗೊತ್ತು? ಅವರಿಗೆ ಗೊತ್ತಿರುವುದು ಹೆಂಚಿನ ಎಣಿಕೆ. ನಾನು ಸಾಗಾಟದ ಶೆಡ್ಡಿನ ತಕ್ಕಡಿಯಲ್ಲಿ ಹೆಂಚು ತೂಗಿ, ಲೆಕ್ಕ ಹಾಕಿ, "ಒಂದು ಸಲಕ್ಕೆ ಇನ್ನೂರು ಹೆಂಚು. ಮನುಷ್ಯರು ಹತ್ತಬಾರದು" ಎಂದು ದುಂಡಗೆ ಬರೆದು ತೂಗಹಾಕಿದೆ. ಪ್ರತಿ ವರ್ಷ ತಪಾಸಣೆಗೆ ಇನ್ನೂರು ಹೆಂಚು ಪೇರಿಸಿಟ್ಟಿರುತ್ತಿದ್ದೆ. ಇನ್‌ಸ್ಪೆಕ್ಟರು ಅದನ್ನು ಹಾಕಿಸಿ, ಮೇಲೆ ಕೆಳಗೆ ಓಡಿಸಿ, ಸಹಿ ಹಾಕಿ ಹೋಗುತ್ತಿದ್ದರು. ಏಳು ವರ್ಷ ಹೀಗೇ ನಡೆಯಿತು.

ಎಂಟನೆಯ ವರ್ಷ, ಯುದ್ಧ ಶುರುವಾಗುವ ಮೊದಲಿನ ಒಂದು ಬೇಸಗೆ. ಹಸಿ ಹೆಂಚಿನ ಸಾಲಿನ ಮೇಲೆ ಒಂದು ಬೆಕ್ಕು ನಡೆದುಹೋಗಿತ್ತು. ಹೆಂಚಿನ ಕಾರ್ಖಾನೆಯಲ್ಲಿ ಇದೇನು ಹೊಸದಲ್ಲ, ಊರಿನ ಎಷ್ಟೋ ಮನೆಮಾಡುಗಳ ಮೇಲೆ ನಮ್ಮ ಬೆಕ್ಕುಗಳ ಹೆಜ್ಜೆ ಇದೆ. ಆ ಹೆಜ್ಜೆ ಬಿದ್ದ ಒಂದು ಹೆಂಚನ್ನು ಮೇಸ್ತ್ರಿಗೆ ತೋರಿಸಿ ಬೈಯಬೇಕೆಂದು ಎತ್ತಿಕೊಂಡು ಸಾಗಾಟದ ಶೆಡ್ಡಿನ ವರೆಗೆ ಬಂದೆ. ಕೈ ಸೋತಿತು. ಒಂದು ಹೆಂಚಿಗೆ ಕೈ ಸೋಲುವುದೆಂದರೆ? ತಕ್ಕಡಿಯಲ್ಲಿ ಹಾಕಿದೆ. ಇನ್ನೆರಡು ಹಸಿ ಹೆಂಚು ತರಿಸಿ ಹಾಕಿದೆ. ಮೂರು ಹಸಿ ಹೆಂಚು ನಾಲ್ಕು ಸುಟ್ಟ ಹೆಂಚಿಗೆ ಸರಿಯಾಗಿ ನಿಂತಿತು.

ತೊಟ್ಟಿಲಿನಲ್ಲಿ ಮೇಲೆ ಹೋಗುವುದೆಲ್ಲ ಹಸಿ ಹೆಂಚು. ಒಣಗಿ, ಸುಟ್ಟು, ಮಾರಾಟಕ್ಕೆ ನಿಂತ ಹೆಂಚನ್ನು ತೂಗಿ ನಾನು ಬೋರ್ಡು ಬರೆದಿದ್ದೆ. ಹೆಂಚಿನ ಪೇಟೆಯಲ್ಲಿ ಹೆಂಚಿನ ತೂಕ ಎಂದರೆ ಸುಟ್ಟ ಹೆಂಚಿನ ತೂಕವೇ. ಹಸಿಯನ್ನು ಯಾರೂ ತೂಗುವುದಿಲ್ಲ, ನೀರನ್ನು ಯಾರು ಕೊಳ್ಳುತ್ತಾರೆ? ಏಳು ವರ್ಷ ಆ ಹಗ್ಗ ಹೊರಬೇಕಾದ್ದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು ಹೊತ್ತಿತ್ತು. ಅದರ ಮೇಲೆ ಹೆಂಚಿನ ಹಲಗೆಗಳು. ಅದರ ಮೇಲೆ ಇಬ್ಬರೋ ಮೂವರೋ ಹೆಂಗಸರು. ಅವರಲ್ಲಿ ನನ್ನ ಅಕ್ಕ.

ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮಳೆಗಾಲಕ್ಕೆ ಮುಂಚೆ ಊರೆಲ್ಲ ಮಾಡು ಸರಿಮಾಡಿಸುವ ಸಮಯ, ಹೆಂಚಿಗೆ ಕಿತ್ತಾಟ. ಧಣಿಗಳು ಹಿಂದಿನ ದಿನವಷ್ಟೇ ನನ್ನನ್ನು ಕರೆಸಿ, "ಈ ತಿಂಗಳು ಲಿಫ್ಟು ಒಂದು ದಿನ ನಿಂತರೆ ಮರುದಿನ ನೀವು ಮನೆಯಲ್ಲಿ ಕೂರಬಹುದು" ಎಂದಿದ್ದರು. ಇನ್‌ಸ್ಪೆಕ್ಟರು ಬರುವುದಕ್ಕೆ ನಾಲ್ಕು ದಿನ ಇತ್ತು. ಅವರು ಬಂದು ಸಹಿ ಹಾಕಿ ಹೋಗಲಿ, ಮಳೆ ಹಿಡಿದು ಕೆಲಸ ಕಡಿಮೆಯಾದ ಮೇಲೆ ಮೆಲ್ಲಗೆ ಬೋರ್ಡು ತಿದ್ದುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಏಳು ವರ್ಷ ಬೀಳದ್ದು ಇನ್ನೊಂದು ತಿಂಗಳಲ್ಲಿ ಬೀಳುತ್ತದೆಯೇ ಎಂದುಕೊಂಡೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಐದನೆಯ ದಿನ ಬೆಳಿಗ್ಗೆಯಿಂದ ಗಂಟೆಗೆ ಕಿವಿಗೊಟ್ಟು ಕೂತಿದ್ದೆ. ಗಂಟೆ ಬಾರಿಸಲೇ ಇಲ್ಲ. ಯಾಕೆಂದರೆ ಇನ್‌ಸ್ಪೆಕ್ಟರು ಆ ದಿನ ರಸ್ತೆಯಲ್ಲಿ ಬರಲಿಲ್ಲ, ಹೊಳೆಯಲ್ಲಿ ಬಂದರು. ಹೊಳೆಯ ಮೇಲ್ಭಾಗದಿಂದ ಮಣ್ಣು ತರುವ ದೋಣಿಯಲ್ಲಿ, ಜೇಡಿಮಣ್ಣಿನ ರಾಶಿಯ ಮೇಲೆ ಚಾಪೆ ಹಾಸಿ, ಕೊಡೆ ಬಿಡಿಸಿಕೊಂಡು, ಮದುಮಗನ ಹಾಗೆ ಕೂತು ಬಂದು ನಮ್ಮ ಹಿಂಬದಿಯ ಕಟ್ಟೆಗೆ ಇಳಿದಿದ್ದರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಅವರು ಎಂಜಿನು ಕೋಣೆ ನೋಡಿ, ಸಾಗಾಟದ ಶೆಡ್ಡು ಸುತ್ತಿ, ತೊಟ್ಟಿಲಿನ ಬುಡದಲ್ಲಿ ನಿಂತು, ಮೇಲಿನಿಂದ ಇಳಿಯುತ್ತಿದ್ದ ಮೂವರು ಹೆಂಗಸರಿಗೆ ಕೈಕೊಟ್ಟು ಇಳಿಸುತ್ತಿದ್ದರು.

"ಬನ್ನಿ ಗುಮಾಸ್ತರೇ. ಎಂತ, ಗಂಟೆ ಹಾಳಾಗಿದೆಯಾ? ನಾನು ಕೊರತೆಯಲ್ಲಿ ಬರೆಯಬೇಕಾ?"

ನಾನು ಹಲ್ಲು ಕಿರಿದೆ. ಅಷ್ಟರಲ್ಲಿ ಧಣಿಗಳೂ ಬಂದರು. ಇನ್‌ಸ್ಪೆಕ್ಟರು ಬೋರ್ಡಿನ ಮುಂದೆ ನಿಂತು ಅದನ್ನು ಪುರಾಣದ ಹಾಗೆ ಗಟ್ಟಿಯಾಗಿ ಓದಿದರು.

"ಅಕ್ಷರ ಚಂದ ಉಂಟು. ನಿಮ್ಮದಾ?"

"ಹೌದು ಸ್ವಾಮೀ."

"ಒಳ್ಳೇದು. ಈ ಸಲ ಹಸಿ ಹೆಂಚೇ ಹಾಕಿ ನೋಡುವಾ. ದಿನಾ ಹೋಗುವುದು ಅದೇ ಅಲ್ಲವಾ?"

ಹಸಿ ಹೆಂಚು ಅಲುಗಿದರೆ ಸೊಟ್ಟಗಾಗುತ್ತದೆ ಎಂದೆ. ಆಗಲಿ ಎಂದರು. ಸುಟ್ಟ ಹೆಂಚು ಇಲ್ಲೇ ಎಣಿಸಿ ಇಟ್ಟಿದೆ ಎಂದೆ. ಇರಲಿ ಎಂದರು. ಹೆಂಗಸರು ಇನ್ನೂರು ಹಸಿ ಹೆಂಚು ಪೇರಿಸಿದರು. ನನಗೆ ಒಂದೊಂದು ಹೆಂಚೂ ಎದೆಯ ಮೇಲೆ ಇಟ್ಟ ಹಾಗಾಯಿತು.

"ಇನ್ನು ನೀವು ಹತ್ತಿ ಗುಮಾಸ್ತರೇ."

"ನಾನಾ? ಮನುಷ್ಯರು ಹತ್ತಬಾರದು ಅಂತ ನಿಯಮ ಉಂಟಲ್ಲ."

"ನಿಯಮದ ಚಿಂತೆ ನನಗಿರಲಿ. ಬೋರ್ಡು ಬರೆದವರು ಒಮ್ಮೆ ಹತ್ತಿ ತೋರಿಸಿದ್ರೆ ನೋಡುವವರಿಗೂ ಧೈರ್ಯ."

ತಲೆ ತಿರುಗುತ್ತದೆ ಎಂದೆ. ಕಣ್ಣು ಮುಚ್ಚಿಕೊಳ್ಳಿ ಎಂದರು. ಬೆಳಿಗ್ಗೆಯಿಂದ ಹೊಟ್ಟೆ ಸರಿಯಿಲ್ಲ ಎಂದೆ. ಮೇಲೆ ಗಾಳಿ ಚೆನ್ನಾಗಿದೆ ಎಂದರು. ಇವತ್ತು ಮಂಗಳವಾರ ಎಂದೆ. ಆ ದಿನ ಬುಧವಾರವಾಗಿತ್ತು. ಹೆಂಗಸರೆಲ್ಲ ಕಿಸಕ್ಕೆಂದು ನಕ್ಕರು. ಧಣಿಗಳ ಮುಖ ಕೆಂಪೇರುತ್ತಿತ್ತು. "ಎಂತ ನಾಟಕ ಇದು, ಹತ್ತಿ ಮಾರಾಯ್ರೆ, ಹೊತ್ತಾಯ್ತು" ಎಂದರು ಅವರು.

ಆಗ ಅಕ್ಕ ಗುಂಪಿನಿಂದ ಮುಂದೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅವನಿಗೆ ಚಿಕ್ಕಂದಿನಿಂದಲೂ ಎತ್ತರ ಅಂದ್ರೆ ಹೆದರಿಕೆ ಸ್ವಾಮೀ. ನಾನು ಹತ್ತುತ್ತೇನೆ. ನನಗೆ ರೂಢಿ ಉಂಟು."

ಅಷ್ಟು ಹೇಳಿ ತೊಟ್ಟಿಲು ಹತ್ತಿ, ಹೆಂಚಿನ ಪಕ್ಕದಲ್ಲಿ ಕಂಬ ಹಿಡಿದು ನಿಂತಳು. ಇನ್‌ಸ್ಪೆಕ್ಟರು ಬೇಡ ಎನ್ನಲಿಲ್ಲ. ಎಂಜಿನು ಕೋಣೆಯ ಕಡೆಗೆ ತಿರುಗಿ, ಕೈಯನ್ನು ಮೆಲ್ಲನೆ ಎತ್ತತೊಡಗಿದರು. ಆ ಕೈ ತಲೆಯ ಮಟ್ಟಕ್ಕೆ ಬಂದರೆ ತೊಟ್ಟಿಲು ಏಳಬೇಕು. ಕೈ ಸೊಂಟ ದಾಟಿತು, ಎದೆ ದಾಟಿತು.

"ಇಳಿ ಅಕ್ಕ" ಎಂದೆ.

ಅವಳು ಕದಲಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಇಳಿ ಅಂದೆನಲ್ಲ. ಬೋರ್ಡು ತಪ್ಪು. ನಾನು ತೂಗಿದ್ದು ಸುಟ್ಟ ಹೆಂಚು. ಹಸಿ ಹೆಂಚಿಗೆ ಭಾರ ಜಾಸ್ತಿ, ಹಗ್ಗ ತಡೆಯುವುದಿಲ್ಲ, ಇಳಿ."

ಅಕ್ಕ ಇಳಿದಳು. ಇನ್‌ಸ್ಪೆಕ್ಟರು ಎತ್ತಿದ ಕೈಯಿಂದ ಟೊಪ್ಪಿ ಸರಿಮಾಡಿಕೊಂಡರು.

"ಕೇಳಿದಿರಲ್ಲ ಧಣಿಗಳೇ. ನಿಮ್ಮ ಗುಮಾಸ್ತರು ಈಗ, ನನ್ನ ಕಣ್ಣೆದುರೇ, ತಪ್ಪು ಕಂಡುಹಿಡಿದರು. ಇಲಾಖೆ ಕಂಡುಹಿಡಿದಿದ್ರೆ ನಾನು ನಿಮ್ಮ ಮೇಲೆ ಕೇಸು ಹಾಕಬೇಕಿತ್ತು. ಕಾರ್ಖಾನೆಯವರೇ ಹೇಳಿದ್ರಿಂದ ಎಚ್ಚರಿಕೆ ಕೊಟ್ಟರೆ ಸಾಕು. ಇಂಥ ಗುಮಾಸ್ತರನ್ನು ಇಟ್ಟುಕೊಂಡದ್ದಕ್ಕೆ ನಿಮ್ಮ ಹೆಸರನ್ನೂ ಬರೆಯುತ್ತೇನೆ. ಇವರು ಕೆಲಸ ಬಿಟ್ಟರೆ ಮಾತ್ರ ನನಗೆ ಪುನಃ ಬರೆಯಬೇಕಾಗ್ತದೆ."

ಧಣಿಗಳು ನುಂಗಲೂ ಆಗದೆ ಉಗುಳಲೂ ಆಗದೆ ನಿಂತರು. ಇನ್‌ಸ್ಪೆಕ್ಟರು ಬೈರಾಸು ತೆಗೆದು ಹಗ್ಗಕ್ಕೆ ಸುತ್ತಿ ಎಳೆದರು. ಕೆಳಗಿನ ಗಾಲಿಗೆ ಸುತ್ತುವ ಜಾಗದಲ್ಲಿ ಪರ್ರೆಂದು ಬೈರಾಸು ಉದ್ದಕ್ಕೆ ಹರಿದುಬಂತು. ಗ್ರೀಸು ಒರೆಸಿ ನೋಡಿದರೆ ಒಳಗೆ ಮುಳ್ಳುಹಂದಿಯ ಬೆನ್ನಿನ ಹಾಗೆ ತುಂಡುತಂತಿಗಳು ಎದ್ದು ನಿಂತಿದ್ದವು. ಹೆಂಗಸರ ನಗು ನಿಂತಿತು. ಹೊಸ ಹಗ್ಗ ಮದ್ರಾಸಿನಿಂದ ಬರುವ ವರೆಗೆ ಹನ್ನೊಂದು ದಿನ ಹೆಂಚನ್ನೆಲ್ಲ ತಲೆಹೊರೆಯಲ್ಲೇ ಹತ್ತಿಸಿದರು. ಮೆಟ್ಟಿಲು ಮೆಟ್ಟಿಲಿಗೂ ನನ್ನನ್ನು ಬೈದರು. ಹೊಸ ಬೋರ್ಡಿನಲ್ಲಿ, ಹಲಗೆಗಳ ತೂಕವನ್ನೂ ಕಳೆದು, ನೂರಮೂವತ್ತು ಹಸಿ ಹೆಂಚು ಎಂದು ಬರೆದೆ.

ಆ ದಿನ ಹಗ್ಗ ನೋಡಿದ ಕೂಡಲೇ, ತೊಟ್ಟಿಲು ನಿಲ್ಲಿಸಲು ಹೇಳೋಣವೆಂದು ಎಂಜಿನು ಕೋಣೆಗೆ ಹೋದರೆ ಎಂಜಿನಿನವನು ಬೀಡಿ ಸೇದುತ್ತಾ ಕೂತಿದ್ದ. ಬೆಲ್ಟು ನೆಲದ ಮೇಲೆ ಹಾವಿನ ಹಾಗೆ ಬಿದ್ದಿತ್ತು. ಮೇಲಿದ್ದ ಹೆಂಗಸರು ಇಳಿದ ಕೂಡಲೇ ಬೆಲ್ಟು ತೆಗೆದಿಡಬೇಕೆಂದು ಇನ್‌ಸ್ಪೆಕ್ಟರು ದೋಣಿಯಿಂದ ಇಳಿದವರೇ ಬಂದು ಹೇಳಿಹೋಗಿದ್ದರಂತೆ. ಅವರು ದಿನವಿಡೀ ಕೈ ಎತ್ತಿದರೂ ತೊಟ್ಟಿಲು ಏಳುವಂತಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಹಿಂಬದಿಯ ಕಟ್ಟೆಗೆ ಓಡಿದೆ. ಅವರು ಖಾಲಿ ದೋಣಿಗೆ ಕಾಯುತ್ತಾ ಹರಿದ ಬೈರಾಸನ್ನು ಮಡಚುತ್ತಿದ್ದರು.

"ನಿಮಗೆ ಮೊದಲೇ ಗೊತ್ತಿತ್ತು" ಎಂದೆ.

"ಹೋದ ತಿಂಗಳಷ್ಟೇ ಗೊತ್ತಾದದ್ದು, ಇನ್ನೊಂದು ಕಾರ್ಖಾನೆಯಲ್ಲಿ. ಊರಲ್ಲಿ ಎಲ್ಲರೂ ಸುಟ್ಟದ್ದನ್ನೇ ತೂಗಿದ್ದಾರೆ ಮಾರಾಯ್ರೆ. ಏಳು ವರ್ಷ ಅದಕ್ಕೆಲ್ಲ ಸಹಿ ಹಾಕಿದವನು ನಾನು."

"ಮತ್ತೆ ನನ್ನನ್ನು ಯಾಕೆ ಅಷ್ಟು ಜನರ ಎದುರು ಕುಣಿಸಿದ್ದು?"

ಅವರು ಮಡಚಿದ ಬೈರಾಸನ್ನು ಹೆಗಲಿಗೆ ಹಾಕಿಕೊಂಡರು.

"ಶೆಡ್ಡಿನ ತಕ್ಕಡಿಯ ಕೆಳಗೆ ಬೆಕ್ಕಿನ ಹೆಜ್ಜೆಯ ಹೆಂಚೊಂದು ಉಂಟು. ಬದಿಯಲ್ಲಿ ಇನ್ನೆರಡು. ಎದುರಿಗೆ ಸುಟ್ಟದ್ದು ನಾಲ್ಕು. ಹಸಿಯದ್ದು ಒಣಗಿದ್ದು ನೋಡಿದ್ರೆ ತೂಗಿ ನಾಲ್ಕೈದು ದಿನ ಆಗಿರಬೇಕು. ಅಲ್ಲವಾ?"

ನಾನು ಶೆಡ್ಡಿನ ಕಡೆಗೆ ತಿರುಗಿ ನೋಡಿದೆ.

"ವರದಿಯಲ್ಲಿ ಅದು ಇರುವುದಿಲ್ಲ" ಎಂದು ದೋಣಿ ಹತ್ತಿದರು. "ಇವತ್ತು ಕಂಡುಹಿಡಿದರು ಅಂತ ಬರೆಯುತ್ತೇನೆ. ಊಟಕ್ಕೆ ನಿಲ್ಲುವುದಿಲ್ಲ, ನಿಮ್ಮ ಧಣಿಗಳು ಇವತ್ತು ಗಸಿಗೆ ಎಂತ ಹಾಕಿಸ್ತಾರೋ."

ಹಾಗೇ ಬರೆದರು. ನನ್ನ ನಾಲ್ಕು ದಿನವನ್ನು ಮುಚ್ಚಿದ ಮನುಷ್ಯ ತಮ್ಮ ಏಳು ವರ್ಷವನ್ನು ಮಾತ್ರ ಮುಚ್ಚಲಿಲ್ಲ. ಜಿಲ್ಲೆಯ ಅಷ್ಟೂ ತೊಟ್ಟಿಲುಗಳಿಗೆ ತಾನು ತಪ್ಪು ಸಹಿ ಹಾಕಿದ್ದೇನೆಂದು ಮದ್ರಾಸಿಗೆ ಅವರೇ ಕಾಗದ ಬರೆದರು. ಎಲ್ಲ ಕಡೆ ಬೋರ್ಡು ಬದಲಾಯಿತು. ಅವರಿಗೆ ಬರಬೇಕಿದ್ದ ಮೇಲಿನ ಹುದ್ದೆ ಬರಲಿಲ್ಲ. ಕೇಳಿದರೆ, "ಮೇಲೆ ಹೋದರೆ ಮದ್ರಾಸಿನಲ್ಲಿ ಕೂರಬೇಕು, ಅಲ್ಲಿ ಕಾಣೆ ಮೀನು ಒಳ್ಳೇದು ಸಿಗುವುದಿಲ್ಲ" ಎನ್ನುತ್ತಿದ್ದರು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆ ಹುದ್ದೆಯ ಆಸೆ ಅವರಿಗೆ ಚೆನ್ನಾಗಿಯೇ ಇತ್ತು.

ಆಮೇಲೆ ನನ್ನ ಪಾಡು ಬೇರೆಯಾಯಿತು. ತಪ್ಪು ಕಂಡುಹಿಡಿದ ಗುಮಾಸ್ತನೆಂದು ಕಾರ್ಖಾನೆಯಲ್ಲಿ ಮರ್ಯಾದೆ.‌ ಅಕ್ಕನಂತೂ ನೆರೆಕರೆಗೆಲ್ಲ "ನನ್ನ ತಮ್ಮ ನಿಂತ ನಿಲುವಿನಲ್ಲಿ ಲೆಕ್ಕ ಹಿಡಿದ" ಎಂದು ಹೇಳುತ್ತಾ ಬಂದಳು. ಪ್ರತಿ ಸಲ ಅದು ಕಿವಿಗೆ ಬಿದ್ದಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ನಿಜ ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಅವರು. ನಿವೃತ್ತರಾದ ಮೇಲೆ ಪೇಟೆಯಲ್ಲಿ ಸಿಕ್ಕಾಗಲೆಲ್ಲ "ಅಕ್ಕ ಸೌಖ್ಯವಾ?" ಎಂದು ಕೇಳುತ್ತಿದ್ದರು. ಸೌಖ್ಯ ಎನ್ನುತ್ತಿದ್ದೆ. "ಹೇಳಿದಿರಾ?" ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಅವರ ಹದಿಮೂರನೆಯ ದಿನದ ಉತ್ತರಕ್ರಿಯೆಯ ಬೊಜ್ಜಕ್ಕೆ ಮಣ್ಣಗುಡ್ಡಕ್ಕೆ ಹೋಗಿ ಬಂದೆ. ಉಂಡು ಬರಲು ಮನಸ್ಸಾಗಲಿಲ್ಲ. ಬಹಳ ವರ್ಷಗಳ ನಂತರ ಒಬ್ಬ ಮನುಷ್ಯನಿಗಾಗಿ ದಾರಿಯಲ್ಲಿ ನಡೆಯುತ್ತಲೇ ಅತ್ತೆ. ಮನೆಗೆ ಬಂದಾಗ ಅಕ್ಕ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳಿಗೀಗ ಕೂದಲೆಲ್ಲ ಬೆಳ್ಳಗಾಗಿದೆ, ಮೊರವನ್ನು ಕಣ್ಣಿನ ಹತ್ತಿರ ಹಿಡಿಯಬೇಕು. ಅವಳೆದುರು ನೆಲದ ಮೇಲೆ ಕೂತೆ. ಬೆಕ್ಕು, ತಕ್ಕಡಿ, ಧಣಿಗಳ ಮಾತು, ನಾಲ್ಕು ದಿನ, ಎಲ್ಲವನ್ನೂ ಹೇಳಿದೆ. ಆ ನಾಲ್ಕು ದಿನವೂ ಅವಳು ತೊಟ್ಟಿಲು ಹತ್ತುವುದನ್ನು ಕಣ್ಣಾರೆ ನೋಡಿಯೂ ಸುಮ್ಮನಿದ್ದೆ ಎಂದೂ ಹೇಳಿದೆ.

ಅಕ್ಕ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು.

"ನಾಲ್ಕು ದಿನ ಅಂತ ಗೊತ್ತಿರಲಿಲ್ಲ. ಎಂತದೋ ಉಂಟು ಅಂತ ಗೊತ್ತಿತ್ತು. ಆ ವಾರ ನೀನು ತೊಟ್ಟಿಲಿನ ಹತ್ತಿರ ಬಂದರೆ ಬೋರ್ಡು ನೋಡ್ತಿದ್ದೆ, ನನ್ನ ಮುಖ ನೋಡ್ತಿರಲಿಲ್ಲ. ಬಡಿಸಿದ ಅನ್ನ ಹಾಗೇ ಬಿಟ್ಟು ಏಳ್ತಿದ್ದೆ. ಮತ್ತೆ ಆ ದಿನ ಅವರು ಹತ್ತು ಅಂದರೂ ನೀನು ಹತ್ತಲಿಲ್ಲ. ಅದಕ್ಕೇ ನಾನು ಹತ್ತಿದ್ದು."

"ಬೆಲ್ಟು ತೆಗೆದಿದ್ದಾರೆ ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ. ಈಗ ನೀನು ಹೇಳಿದ ಮೇಲೆಯೇ ಗೊತ್ತಾದದ್ದು."

"ಮತ್ತೆ ಯಾವ ಧೈರ್ಯದಲ್ಲಿ ಹತ್ತಿದೆ? ನಾನು ಬಾಯಿ ಬಿಡ್ತೇನೆ ಅಂತ ನಿನಗೆ ಗೊತ್ತಿತ್ತಾ?"

ಅವಳು ಮೊರ ಕೆಳಗಿಟ್ಟು ನನ್ನನ್ನು ನೋಡಿದಳು.

"ಗೊತ್ತಿದ್ದರೆ ಹತ್ತಿ ನೋಡುವ ಅಗತ್ಯ ಎಂತ ಇತ್ತು?"